ಪಿತ್ತಕೋಶದ ಆಪರೇಷನ್ ನಂತರದ ನೋವು: ಯಾವ ಇಂಜೆಕ್ಷನ್, ಎಷ್ಟು ಉಪಯೋಗ?

ಮೇಳಿಗೆ ಕಡೆಯ ಒಬ್ಬ ಖಾಲಾ ಕಳೆದ ಮಳೆಗಾಲದಲ್ಲಿ ನನ್ನ ಬಳಿ ಬಂದಿದ್ದರು. ಮದುವೆ ಮನೆಯ ಊಟ ಮಾಡಿದ ರಾತ್ರಿಯೆಲ್ಲ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದುಕೊಂಡಂಥ ನೋವು, ಬೆನ್ನಿಗೂ ಹರಿಯುತ್ತದೆ, ವಾಂತಿ. ಆರು ತಿಂಗಳಲ್ಲಿ ಇದು ನಾಲ್ಕನೆಯ ಸಲ. ಸ್ಕ್ಯಾನಿಂಗ್ ವರದಿ ಕೈಯಲ್ಲೇ ಇತ್ತು: ಪಿತ್ತಕೋಶದ ತುಂಬ ಕಲ್ಲುಗಳು. ಸರ್ಜನ್ ಆಪರೇಷನ್‌ಗೆ ಹೇಳಿದ್ದರು. ಖಾಲಾ ಮಾತ್ರ ವರದಿಯನ್ನು ಮಡಚಿ ಮೇಜಿನ ಮೇಲಿಟ್ಟು, “ಹಕೀಮ್ ಸಾಬ್, ಕಲ್ಲು ಕರಗುವ ಮದ್ದು ಕೊಡಿ. ಆಪರೇಷನ್ ಒಂದು ಬೇಡ” ಎಂದರು.

ಯಾಕೆ ಬೇಡ ಎಂದು ಕೇಳಿದೆ. ಅವರಿಗೆ ಚಾಕುವಿನ ಭಯ ಇರಲಿಲ್ಲ, ಸಾವಿನ ಭಯವೂ ಇರಲಿಲ್ಲ. ಭಯ ಇದ್ದದ್ದು ಆಪರೇಷನ್ ಆದ ಮೇಲಿನ ನೋವಿನದು. ಅವರ ಅಕ್ಕನಿಗೆ ಬಹಳ ವರ್ಷಗಳ ಹಿಂದೆ ಹೊಟ್ಟೆ ಕೊಯ್ದು ಪಿತ್ತಕೋಶ ತೆಗೆದಿದ್ದರಂತೆ. ಮೂರು ದಿನ ಕೆಮ್ಮಲೂ ಆಗದೆ, ಮಗ್ಗುಲು ಬದಲಿಸಲೂ ಆಗದೆ ಅಕ್ಕ ಅತ್ತದ್ದನ್ನು ಇವರು ಪಕ್ಕದಲ್ಲಿ ಕುಳಿತು ನೋಡಿದ್ದರು.

ನಮ್ಮ ಮನೆಗಳಲ್ಲಿ ಇಂಥ ಭಯ ಸಾಮಾನ್ಯ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆಪರೇಷನ್ ಮಾತ್ರ ಮುಂದಕ್ಕೆ ಹೋಗುತ್ತಾ ಇರುತ್ತದೆ. ಅಷ್ಟರಲ್ಲಿ ಒಂದು ಸಣ್ಣ ಕಲ್ಲು ಜಾರಿ ಪಿತ್ತನಾಳಕ್ಕೆ ಬಿದ್ದರೆ ಕಾಮಾಲೆ; ಮೇದೋಜೀರಕ ಗ್ರಂಥಿಯ ದಾರಿಗೆ ಅಡ್ಡ ಬಂದರೆ ಜೀವಕ್ಕೇ ಅಪಾಯವಾಗಬಲ್ಲ ಉರಿಯೂತ. ನೋವಿಗೆ ಹೆದರಿ ದಿನ ತಳ್ಳಿದವರು ಇನ್ನೂ ದೊಡ್ಡ ನೋವಿಗೆ ಸಿಕ್ಕಿಬೀಳುತ್ತಾರೆ. ಆದ್ದರಿಂದ ಈ ತಿಂಗಳು ಆಪರೇಷನ್ ನಂತರದ ನೋವನ್ನು ಇಂದು ಹೇಗೆ ತಡೆಯುತ್ತಾರೆ, ಅದಕ್ಕೆ ಕೊಡುವ ‘ನರ್ವ್ ಬ್ಲಾಕ್’ ಎಂಬ ಇಂಜೆಕ್ಷನ್‌ಗಳು ಯಾವುವು, ಅವುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ನಿಮಗೆ ತಿಳಿಸಬೇಕೆಂದಿದ್ದೇನೆ.

ಮೊದಲೇ ಒಂದು ಮಾತು. ನಾನು ಯುನಾನಿ ಓದಿದ ವೈದ್ಯ. ಈ ಇಂಜೆಕ್ಷನ್‌ಗಳನ್ನು ಕೊಡುವವರು ಅರಿವಳಿಕೆ ತಜ್ಞರು. ನಿಮ್ಮ ದೇಹಕ್ಕೆ ಯಾವುದು ಸರಿ ಎಂದು ನಿರ್ಧರಿಸಬೇಕಾದವರು ಅವರೇ. ಅವರ ಮುಂದೆ ಕುಳಿತಾಗ ಏನು ಕೇಳಬೇಕು, ಏನು ಹೇಳಬೇಕು ಎಂಬುದು ನಿಮಗೆ ಗೊತ್ತಿರಲಿ ಎಂಬುದಷ್ಟೇ ನನ್ನ ಉದ್ದೇಶ.

ಕಲ್ಲು ಕರಗಿಸುವ ಮದ್ದು ಇದೆಯೇ?

ಖಾಲಾರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಯಾವ ತೊಂದರೆಯನ್ನೂ ಕೊಡದೆ ಸುಮ್ಮನಿರುವ ಕಲ್ಲುಗಳಿಗೆ ಹೆಚ್ಚಿನವರಲ್ಲಿ ಆಪರೇಷನ್ ಬೇಕಾಗುವುದಿಲ್ಲ. ಆದರೆ ಮತ್ತೆ ಮತ್ತೆ ನೋವು ಕೊಡುವ ಕಲ್ಲಿಗೆ ಪಿತ್ತಕೋಶ ತೆಗೆಯುವುದೇ ಸರಿಯಾದ ಚಿಕಿತ್ಸೆ. ಅಲೋಪಥಿಯಲ್ಲಿ ಕಲ್ಲು ಕರಗಿಸುವ ಒಂದು ಮಾತ್ರೆ ಇದೆ. ಅದು ಕೊಲೆಸ್ಟೆರಾಲ್‌ನಿಂದಾದ ಸಣ್ಣ ಕಲ್ಲುಗಳ ಮೇಲೆ ಮಾತ್ರ, ಅದೂ ತಿಂಗಳುಗಟ್ಟಲೆ ನುಂಗಿದರೆ ಕೆಲಸ ಮಾಡುತ್ತದೆ. ನಿಲ್ಲಿಸಿದ ಮೇಲೆ ಅನೇಕರಲ್ಲಿ ಕಲ್ಲು ಮತ್ತೆ ಬರುತ್ತದೆ. ನಮ್ಮ ಪದ್ಧತಿಯಲ್ಲಿ ಜೀರ್ಣಕ್ಕೆ, ಪಿತ್ತದ ಸಮತೋಲಕ್ಕೆ ಔಷಧಿಗಳಿವೆ. ಆದರೆ ಪಿತ್ತಕೋಶದ ತುಂಬ ಕಲ್ಲಿದ್ದು ಆರು ತಿಂಗಳಲ್ಲಿ ನಾಲ್ಕು ಸಲ ನೋವು ಬಂದವರಿಗೆ ‘ಕರಗಿಸುತ್ತೇನೆ’ ಎಂದು ಹೇಳಿ ದುಡ್ಡು ತೆಗೆದುಕೊಳ್ಳುವುದು ನನ್ನ ದೃಷ್ಟಿಯಲ್ಲಿ ಅಮಾನತಿಗೆ ಮಾಡುವ ದ್ರೋಹ.

ಅಕ್ಕನ ಕಾಲಕ್ಕೂ ಈಗಿನ ಕಾಲಕ್ಕೂ ವ್ಯತ್ಯಾಸ

ಪಿತ್ತಕೋಶವನ್ನು ಮೊದಲು ಆಪರೇಷನ್ ಮಾಡಿ ತೆಗೆದದ್ದು 1882ರಲ್ಲಿ, ಬರ್ಲಿನ್ ನಗರದ ಕಾರ್ಲ್ ಲಾಂಗೆನ್‌ಬುಕ್ ಎಂಬ ಸರ್ಜನ್. ಅಲ್ಲಿಂದ ನೂರು ವರ್ಷ ಹೊಟ್ಟೆಯನ್ನು ಉದ್ದಕ್ಕೆ ಕೊಯ್ದೇ ಮಾಡುತ್ತಿದ್ದರು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ದೂರ್ಬೀನು ಬಳಸಿ ಸಣ್ಣ ರಂಧ್ರದ ಮೂಲಕ ತೆಗೆದು ತೋರಿಸಿದರು. ನಮ್ಮ ದೇಶದಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ 1990ರಲ್ಲಿ ಡಾ. ತೆಹಮ್ಟನ್ ಉದ್ವಾಡಿಯಾ ಈ ವಿಧಾನವನ್ನು ಆರಂಭಿಸಿದರು. ಇಂದು ಮಲೆನಾಡಿನವರು ಹೋಗುವ ಶಿವಮೊಗ್ಗ, ಮಣಿಪಾಲದ ಆಸ್ಪತ್ರೆಗಳಲ್ಲಿ ಇದು ದಿನನಿತ್ಯದ ಕೆಲಸ. ಸಾಮಾನ್ಯವಾಗಿ ನಾಲ್ಕು ಸಣ್ಣ ರಂಧ್ರ: ಹೊಕ್ಕುಳ ಹತ್ತಿರ ಒಂದು, ಎದೆಗೂಡಿನ ಕೆಳಗೆ ನಡುವೆ ಒಂದು, ಬಲಗಡೆ ಪಕ್ಕೆಲುಬಿನ ಕೆಳಗೆ ಎರಡು. ತೊಂದರೆ ಇಲ್ಲದಿದ್ದರೆ ಒಂದೆರಡು ದಿನದಲ್ಲಿ ಮನೆಗೆ ಬರಬಹುದು.

ಹಾಗಂತ ನೋವೇ ಇರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೊದಲ ದಿನ ನೋವು ಇದ್ದೇ ಇರುತ್ತದೆ, ಕೆಲವರಿಗೆ ಸ್ವಲ್ಪ, ಕೆಲವರಿಗೆ ಜೋರು. ಎರಡು-ಮೂರು ದಿನದಲ್ಲಿ ಇಳಿಯುತ್ತಾ ಬರುತ್ತದೆ.

ನೋವು ಒಂದಲ್ಲ, ಮೂರು

ಹಕೀಮ್ ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ನೋವಿನ 15 ಬಗೆಗಳನ್ನು ವಿಂಗಡಿಸಿದ್ದಾರೆ. ಚುಚ್ಚುವ ನೋವು, ಹಿಂಡುವ ನೋವು, ಭಾರದ ನೋವು, ಹೀಗೆ. ಬಗೆ ಯಾವುದೆಂದು ತಿಳಿದರೆ ಮೂಲ ತಿಳಿಯುತ್ತದೆ, ಮೂಲ ತಿಳಿದರೆ ಚಿಕಿತ್ಸೆ ತಿಳಿಯುತ್ತದೆ ಎಂಬುದು ಅದರ ಹಿಂದಿನ ವಿಚಾರ. ಸಾವಿರ ವರ್ಷದ ನಂತರವೂ ಆ ವಿಚಾರ ಇಲ್ಲಿ ಹೊಂದುತ್ತದೆ. ಏಕೆಂದರೆ ಪಿತ್ತಕೋಶದ ಆಪರೇಷನ್ ಆದವರಿಗೆ ಬರುವುದು ಮೂರು ಬೇರೆ ಬೇರೆ ನೋವು.

ಮೊದಲನೆಯದು ಗಾಯದ ನೋವು. ರಂಧ್ರ ಮಾಡಿದ ಕಡೆ ಚರ್ಮ, ಸ್ನಾಯುಗಳಿಂದ ಬರುವಂಥದ್ದು. ಕೆಮ್ಮಿದರೆ, ಎದ್ದರೆ ಹೆಚ್ಚಾಗುತ್ತದೆ. ಬೆರಳಿಟ್ಟು ಇಲ್ಲೇ ಎಂದು ತೋರಿಸಬಹುದು.

ಎರಡನೆಯದು ಒಳನೋವು. ಪಿತ್ತಕೋಶ ಅಂಟಿಕೊಂಡಿದ್ದ ಜಾಗದಿಂದ ಬರುವ ಮಂದವಾದ, ಆಳದ ನೋವು. ಇದನ್ನು ಬೆರಳಿಟ್ಟು ತೋರಿಸಲಾಗದು.

ಮೂರನೆಯದು ಭುಜದ ನೋವು. ಹೊಟ್ಟೆಯಲ್ಲಿ ಆಪರೇಷನ್ ಮಾಡಿ ಭುಜ ನೋಯುವುದೇಕೆ ಎಂದು ಎಲ್ಲರೂ ಗಾಬರಿಯಾಗುತ್ತಾರೆ. ದೂರ್ಬೀನು ಹಾಕುವಾಗ ಜಾಗಕ್ಕಾಗಿ ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬುತ್ತಾರೆ. ಅದು ವಪೆಯನ್ನು ಕೆರಳಿಸುತ್ತದೆ. ವಪೆಯ ನರ ಹೊರಡುವುದು ಕುತ್ತಿಗೆಯಿಂದ. ಭುಜದ ಚರ್ಮದ ನರಗಳೂ ಅಲ್ಲಿಂದಲೇ ಬರುತ್ತವೆ. ಆದ್ದರಿಂದ ನೋವು ಭುಜದಲ್ಲಿ ಇದೆ ಎಂದು ಮೆದುಳಿಗೆ ತೋರುತ್ತದೆ. ಒಂದೆರಡು ದಿನದಲ್ಲಿ ತಾನಾಗಿ ಹೋಗುತ್ತದೆ.

ಈ ಮೂರನ್ನು ನೆನಪಿಡಿ. ಮುಂದೆ ಹೇಳುವ ಪ್ರತಿಯೊಂದು ಇಂಜೆಕ್ಷನ್ ಈ ಮೂರರಲ್ಲಿ ಯಾವುದನ್ನು ತಡೆಯುತ್ತದೆ ಎಂಬುದರಲ್ಲೇ ಎಲ್ಲ ವ್ಯತ್ಯಾಸ ಇರುವುದು.

ಬ್ಲಾಕ್ ಎಂದರೇನು?

ಹಲ್ಲು ಕೀಳಿಸಿಕೊಂಡವರಿಗೆ ಗೊತ್ತು, ದವಡೆಗೆ ಒಂದು ಸೂಜಿ ಚುಚ್ಚಿದರೆ ಅರ್ಧ ಬಾಯಿ ಮರಗಟ್ಟುತ್ತದೆ. ನರ್ವ್ ಬ್ಲಾಕ್ ಎಂದರೆ ಅದೇ ತತ್ವ. ನೋವಿನ ಸುದ್ದಿಯನ್ನು ಮೆದುಳಿಗೆ ಒಯ್ಯುವ ನರದ ಹತ್ತಿರ ಬುಪಿವಕೇನ್ ಅಥವಾ ರೋಪಿವಕೇನ್‌ನಂಥ ಮರಗಟ್ಟಿಸುವ ಔಷಧಿ ಹಾಕಿದರೆ ಕೆಲವು ಗಂಟೆ ಸುದ್ದಿ ಮುಂದೆ ಹೋಗುವುದಿಲ್ಲ. ಆಪರೇಷನ್‌ಗೆ ಪೂರ್ತಿ ಮತ್ತು ಬರಿಸಿಯೇ ಇರುತ್ತಾರೆ. ಬ್ಲಾಕ್ ಕೊಡುವುದು ಎಚ್ಚರವಾದ ಮೇಲಿನ ನೋವಿಗಾಗಿ. ಇಂದು ಸ್ಕ್ಯಾನಿಂಗ್ ಯಂತ್ರದಲ್ಲಿ ಸ್ನಾಯುವಿನ ಪದರಗಳನ್ನೂ ಸೂಜಿಯ ತುದಿಯನ್ನೂ ಕಣ್ಣಾರೆ ನೋಡುತ್ತಾ ಕೊಡುತ್ತಾರೆ.

ಗಾಯದ ಸುತ್ತ ಕೊಡುವ ಇಂಜೆಕ್ಷನ್: ಇದು ಎಲ್ಲಕ್ಕಿಂತ ಸರಳ. ಸರ್ಜನ್ ತಾವೇ ನಾಲ್ಕು ರಂಧ್ರಗಳ ಸುತ್ತ ಔಷಧಿ ಚುಚ್ಚುತ್ತಾರೆ. ಯಂತ್ರ ಬೇಡ, ಹೆಚ್ಚಿನ ಖರ್ಚಿಲ್ಲ, ಎರಡು ನಿಮಿಷದ ಕೆಲಸ. ಗಾಯದ ನೋವಿಗೆ ಮೊದಲ ಕೆಲವು ಗಂಟೆ ಚೆನ್ನಾಗಿ ಕೆಲಸ ಮಾಡುತ್ತದೆ. ಒಳನೋವಿಗೆ, ಭುಜಕ್ಕೆ ಇಲ್ಲ.

ಟ್ಯಾಪ್ ಬ್ಲಾಕ್: ಹೊಟ್ಟೆಯ ಗೋಡೆಯಲ್ಲಿ ಒಂದರ ಮೇಲೊಂದು ಮೂರು ಸ್ನಾಯು ಪದರಗಳಿವೆ. ಹೊಟ್ಟೆಯ ಮುಂಭಾಗದ ನರಗಳು ಒಳಗಿನ ಎರಡು ಪದರಗಳ ನಡುವೆ ಹಾದು ಬರುತ್ತವೆ. ಆ ಸಂದಿಗೆ ಔಷಧಿ ಹಾಕುವುದೇ ಟ್ಯಾಪ್ ಬ್ಲಾಕ್. 2001ರಲ್ಲಿ ಮೊದಲು ವಿವರಿಸಿದಾಗ ಇದನ್ನು ಸೊಂಟದ ಮೇಲ್ಭಾಗದಲ್ಲಿ ಪಕ್ಕಕ್ಕೆ ಚುಚ್ಚುತ್ತಿದ್ದರು. ಹಾಗೆ ಕೊಟ್ಟರೆ ಹೊಕ್ಕುಳಿನಿಂದ ಕೆಳಗೆ ಚೆನ್ನಾಗಿ ಮರಗಟ್ಟುತ್ತದೆ. ಸಿಸೇರಿಯನ್, ಹರ್ನಿಯಾಕ್ಕೆ ಅದು ಸರಿ. ಆದರೆ ಪಿತ್ತಕೋಶದ ರಂಧ್ರಗಳು ಹೆಚ್ಚಾಗಿ ಹೊಕ್ಕುಳಿನಿಂದ ಮೇಲೆ! ಆದ್ದರಿಂದ ಈ ಆಪರೇಷನ್‌ಗೆ ಪಕ್ಕೆಲುಬಿನ ಅಂಚಿನ ಕೆಳಗೇ ಔಷಧಿ ಹಾಕುವ ‘ಸಬ್‌ಕಾಸ್ಟಲ್ ಟ್ಯಾಪ್’ ಹೆಚ್ಚು ಸೂಕ್ತ. ಹೆಸರು ಒಂದೇ ಆದರೂ ಜಾಗ ಬದಲಾದರೆ ಫಲ ಬದಲಾಗುತ್ತದೆ. ಇದೂ ಮುಖ್ಯವಾಗಿ ಗಾಯದ ನೋವಿಗೇ.

ರೆಕ್ಟಸ್ ಶೀತ್ ಬ್ಲಾಕ್: ಹೊಟ್ಟೆಯ ನಡುವಿನ ನೇರ ಸ್ನಾಯುವಿನ ಹಿಂದೆ ಔಷಧಿ ಹಾಕುವುದು. ಹೊಕ್ಕುಳ ಮತ್ತು ನಡುಗೆರೆಯ ರಂಧ್ರಗಳಿಗೆ ಒಳ್ಳೆಯದು. ಬಲ ಪಕ್ಕದ ರಂಧ್ರಗಳು ಇದರ ವ್ಯಾಪ್ತಿಗೆ ಬರುವುದಿಲ್ಲ.

ಇಎಸ್‌ಪಿ ಬ್ಲಾಕ್: ಇದು ಹೊಸದು, 2016ರಲ್ಲಿ ಬೆಳಕಿಗೆ ಬಂತು. ಬೆನ್ನುಮೂಳೆಯ ಪಕ್ಕ ಉದ್ದಕ್ಕೆ ಇರುವ ಸ್ನಾಯುವಿನ ಅಡಿಯಲ್ಲಿ, ಬೆನ್ನಿನ ಕಡೆಯಿಂದ ಔಷಧಿ ಹಾಕುತ್ತಾರೆ. ಅದು ಮೇಲಕ್ಕೂ ಕೆಳಕ್ಕೂ ಹರಡುತ್ತದೆ. ಸ್ವಲ್ಪ ಭಾಗ ನರಗಳು ಬೆನ್ನುಮೂಳೆಯಿಂದ ಹೊರಡುವ ಜಾಗಕ್ಕೇ ತಲುಪಿದರೆ ಗಾಯದ ನೋವಿನ ಜೊತೆ ಒಳನೋವೂ ಕಡಿಮೆಯಾಗಬಹುದು ಎಂಬುದು ಇದರ ಆಕರ್ಷಣೆ. ಆದರೆ ಔಷಧಿ ಎಲ್ಲರಲ್ಲೂ ಒಂದೇ ರೀತಿ ಹರಡುವುದಿಲ್ಲ. ಒಬ್ಬರಿಗೆ ತುಂಬ ಚೆನ್ನಾಗಿ ಹಿಡಿದದ್ದು ಇನ್ನೊಬ್ಬರಿಗೆ ಅರ್ಧಂಬರ್ಧ ಹಿಡಿಯಬಹುದು.

ಕ್ವಾಡ್ರೇಟಸ್ ಲುಂಬೋರಮ್ ಬ್ಲಾಕ್: ಸೊಂಟದ ಹಿಂಭಾಗದ ಆಳದ ಸ್ನಾಯುವಿನ ಸುತ್ತ ಕೊಡುವಂಥದ್ದು. ಜಾಗ ಆಳ, ಕೈಚಳಕ ಹೆಚ್ಚು ಬೇಕು. ಕೊಟ್ಟ ಮೇಲೆ ಕೆಲವರಿಗೆ ತೊಡೆಯಲ್ಲಿ ಕೆಲವು ಗಂಟೆ ಬಲ ಕಡಿಮೆಯಾಗಬಹುದು. ಅಂಥವರು ಒಬ್ಬರೇ ಎದ್ದು ಶೌಚಾಲಯಕ್ಕೆ ಹೋಗಬಾರದು.

ಬೆನ್ನುಮೂಳೆಯೊಳಗೆ ಸಣ್ಣ ಕೊಳವೆ ಇಟ್ಟು ಕೊಡುವ ಎಪಿಡ್ಯೂರಲ್ ನೋವನ್ನು ಚೆನ್ನಾಗಿ ತಡೆಯುತ್ತದೆ, ನಿಜ. ಆದರೆ ಒಂದೆರಡು ದಿನದಲ್ಲಿ ಮನೆಗೆ ಹೋಗುವವರಿಗೆ ಅದು ಅತಿಯಾಯಿತು. ಹೊಟ್ಟೆ ಕೊಯ್ದೇ ಮಾಡಬೇಕಾಗಿ ಬಂದವರಿಗೆ ಕೆಲವೊಮ್ಮೆ ಅದನ್ನು ಬಳಸುತ್ತಾರೆ.

ಹಾಗಾದರೆ ಯಾವುದು ಮೇಲು?

ಭಾರತ, ಟರ್ಕಿ, ಈಜಿಪ್ಟ್ ಮುಂತಾದ ದೇಶಗಳ ಆಸ್ಪತ್ರೆಗಳಲ್ಲಿ ಇವನ್ನು ಒಂದಕ್ಕೊಂದು ಹೋಲಿಸಿ ನೋಡಿದ ಅಧ್ಯಯನಗಳು ಸಾಕಷ್ಟಿವೆ. ಅವುಗಳ ಸಾರ ಹೀಗಿದೆ.

ಬ್ಲಾಕ್ ಪಡೆಯದವರಿಗಿಂತ ಸಬ್‌ಕಾಸ್ಟಲ್ ಟ್ಯಾಪ್ ಅಥವಾ ಇಎಸ್‌ಪಿ ಪಡೆದವರಿಗೆ ಮೊದಲ ದಿನ ಮಾರ್ಫಿನ್, ಟ್ರಮಡಾಲ್‌ನಂಥ ಬಲವಾದ ಔಷಧಿ ಕಡಿಮೆ ಬೇಕಾಗುತ್ತದೆ. ಆ ಔಷಧಿಗಳಿಂದ ಬರುವ ವಾಕರಿಕೆ, ತೂಕಡಿಕೆ, ಮಲಬದ್ಧತೆಯೂ ಅಷ್ಟರಮಟ್ಟಿಗೆ ತಪ್ಪುತ್ತದೆ. ಇಎಸ್‌ಪಿ ಮತ್ತು ಸಬ್‌ಕಾಸ್ಟಲ್ ಟ್ಯಾಪ್ ನಡುವೆ ಕೆಲವು ಅಧ್ಯಯನಗಳಲ್ಲಿ ಇಎಸ್‌ಪಿ ಸ್ವಲ್ಪ ಮುಂದೆ, ಇನ್ನು ಕೆಲವದರಲ್ಲಿ ಎರಡೂ ಸಮ. ವ್ಯತ್ಯಾಸ ಇದ್ದಲ್ಲಿಯೂ ಹತ್ತು ಅಂಕದ ನೋವಿನ ಅಳತೆಯಲ್ಲಿ ಅದು ದೊಡ್ಡದಲ್ಲ. ಭುಜದ ನೋವನ್ನು ಈ ಬ್ಲಾಕ್‌ಗಳಲ್ಲಿ ಯಾವುದೂ ಖಚಿತವಾಗಿ ತಡೆಯುವುದಿಲ್ಲ. ಅದಕ್ಕೆ ಸರ್ಜನ್ ಅನಿಲದ ಒತ್ತಡ ಕಡಿಮೆ ಇಡುವುದು, ಕೊನೆಯಲ್ಲಿ ಅನಿಲವನ್ನು ಪೂರ್ತಿ ಹೊರಗೆ ತೆಗೆಯುವುದು ಹೆಚ್ಚು ಸಹಾಯ.

ಇನ್ನೊಂದು ಮುಖ್ಯ ಸಂಗತಿ. ಈ ಆಪರೇಷನ್‌ನ ನೋವಿನ ಬಗ್ಗೆ ಅಂತಾರಾಷ್ಟ್ರೀಯ ತಜ್ಞರು ಕೊಡುವ ಮಾರ್ಗದರ್ಶನದಲ್ಲಿ ಮೊದಲ ಸ್ಥಾನ ಬ್ಲಾಕ್‌ಗಳಿಗಿಲ್ಲ. ಪ್ಯಾರಸಿಟಮಾಲ್, ಅದರ ಜೊತೆ ಐಬುಪ್ರೊಫೇನ್ ವರ್ಗದ ಒಂದು ನೋವುನಿವಾರಕ, ಒಂದು ಡೋಸ್ ಡೆಕ್ಸಾಮೆಥಾಸೋನ್, ಮತ್ತು ಗಾಯದ ಸುತ್ತ ಮರಗಟ್ಟಿಸುವ ಇಂಜೆಕ್ಷನ್, ಇವು ಬುನಾದಿ. ಬುನಾದಿ ಸರಿಯಾಗಿದ್ದರೆ ಹೆಚ್ಚಿನವರಿಗೆ ಅಷ್ಟೇ ಸಾಕು. ಬ್ಲಾಕ್ ಅದರ ಮೇಲಿನ ಮಹಡಿ.

ಹಾಗಾದರೆ ಬ್ಲಾಕ್‌ನ ಲಾಭ ಯಾರಿಗೆ ಹೆಚ್ಚು? ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು ಅಥವಾ ಕೆಲವು ಬಗೆಯ ಅಸ್ತಮಾದಿಂದ ಐಬುಪ್ರೊಫೇನ್ ವರ್ಗದ ಮಾತ್ರೆ ಕೊಡಲಾಗದವರಿಗೆ. ಹಿಂದಿನ ಆಪರೇಷನ್‌ನಲ್ಲಿ ಮಾರ್ಫಿನ್, ಟ್ರಮಡಾಲ್‌ನಿಂದ ವಿಪರೀತ ವಾಂತಿಯಾದವರಿಗೆ. ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ಇರುವ ದಪ್ಪ ಶರೀರದವರಿಗೆ. ವಯಸ್ಸಾದವರಿಗೆ. ಮತ್ತು ದೂರ್ಬೀನಿನಲ್ಲಿ ಆಗದೆ ಹೊಟ್ಟೆ ಕೊಯ್ಯಬೇಕಾಗಿ ಬಂದವರಿಗೆ.

ನಿಮ್ಮ ಆಸ್ಪತ್ರೆಯಲ್ಲಿ ಬ್ಲಾಕ್ ಇಲ್ಲ ಎಂದರೆ ‘ಇದು ಕಳಪೆ ಆಸ್ಪತ್ರೆ’ ಎಂದುಕೊಂಡು ಸಾಲ ಮಾಡಿ ದೊಡ್ಡ ಊರಿಗೆ ಓಡುವ ಅಗತ್ಯ ಇಲ್ಲ. ಬುನಾದಿ ಔಷಧಿಗಳನ್ನು ಗಂಟೆ ತಪ್ಪದೆ ಕೊಡುತ್ತಾರೆಯೇ, ಗಾಯದ ಸುತ್ತ ಇಂಜೆಕ್ಷನ್ ಹಾಕುತ್ತಾರೆಯೇ ಎಂದು ಕೇಳಿ. ಅದೇ ಮುಖ್ಯ.

ಅಪಾಯವೂ ಗೊತ್ತಿರಲಿ

ಔಷಧಿಯ ಪ್ರಮಾಣಕ್ಕೆ ಮಿತಿ ಇದೆ. ಬುಪಿವಕೇನ್‌ಗೆ ಸಾಮಾನ್ಯವಾಗಿ ದೇಹದ ತೂಕದ ಒಂದು ಕಿಲೋಗೆ ಸುಮಾರು 2 ಮಿಲಿಗ್ರಾಂ ಎಂದು ಇಟ್ಟುಕೊಳ್ಳಿ. 50 ಕಿಲೋ ತೂಕದ ಹೆಂಗಸಿಗೆ 100 ಮಿಲಿಗ್ರಾಂ. ಎರಡೂ ಪಕ್ಕಕ್ಕೆ 20 ಮಿಲಿಲೀಟರ್‌ನಂತೆ 0.25 ಶೇಕಡಾ ಔಷಧಿ ಕೊಟ್ಟರೆ ಅಷ್ಟು ಅಲ್ಲಿಗೇ ಮುಗಿಯಿತು. ಅದರ ಮೇಲೆ ಗಾಯದ ಸುತ್ತಲೂ ಅದೇ ಔಷಧಿ ಹಾಕಿದರೆ ಮಿತಿ ಮೀರಬಹುದು. ಹಾಗಾಗಿಯೇ ಸರ್ಜನ್ ಮತ್ತು ಅರಿವಳಿಕೆ ತಜ್ಞರು ಪರಸ್ಪರ ಕೇಳಿಕೊಂಡು ಕೊಡುತ್ತಾರೆ. ನಿಮ್ಮ ಸರಿಯಾದ ತೂಕ ಅವರ ಚೀಟಿಯಲ್ಲಿ ಇರಲೇಬೇಕು. ಬಾಯಿ ಸುತ್ತ ಜುಮುಜುಮು, ಕಿವಿಯಲ್ಲಿ ಗುಂಯ್‌ಗುಡುವುದು, ನಾಲಿಗೆಯಲ್ಲಿ ಲೋಹದ ರುಚಿ, ಇವು ಔಷಧಿ ರಕ್ತದಲ್ಲಿ ಹೆಚ್ಚಾದ ಸೂಚನೆ. ಮುಂದುವರಿದರೆ ಫಿಟ್ಸ್, ಹೃದಯದ ಬಡಿತದಲ್ಲಿ ಏರುಪೇರು. ಇದು ಅಪರೂಪ. ಇದಕ್ಕೆ ಚಿಕಿತ್ಸೆಯಾಗಿ 20 ಶೇಕಡಾ ಕೊಬ್ಬಿನ ದ್ರವದ ಇಂಜೆಕ್ಷನ್ ಇದೆ, ಬ್ಲಾಕ್ ಕೊಡುವ ಕಡೆ ಅದು ಕೈಗೆ ಸಿಗುವಂತಿರಬೇಕು. ಸೂಜಿ ಚುಚ್ಚಿದಲ್ಲಿ ರಕ್ತಸ್ರಾವ, ಸೋಂಕು, ಒಳಗಿನ ಅಂಗಕ್ಕೆ ತಾಗುವುದು ಇನ್ನುಳಿದ ಅಪರೂಪದ ಅಪಾಯಗಳು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮುಂಚೆಯೇ ಹೇಳಿ.

ಸಬ್ರ್ ಎಂದರೆ ನೋವು ನುಂಗುವುದೇ?

ನಮ್ಮವರಲ್ಲಿ, ವಿಶೇಷವಾಗಿ ಹೆಂಗಸರಲ್ಲಿ, ನೋವಿನ ಮಾತ್ರೆ ಕೇಳುವುದು ಸಬ್ರ್‌ಗೆ ವಿರುದ್ಧ ಎಂಬ ಭಾವನೆ ಇದೆ. ಉರ್ವ ಬಿನ್ ಝುಬೈರ್(ರ) ಕಾಲು ಕತ್ತರಿಸುವಾಗ ಮತ್ತಿನ ಔಷಧಿಯನ್ನು ನಿರಾಕರಿಸಿದರೆಂಬ ಘಟನೆಯನ್ನು ಪ್ರವಚನಗಳಲ್ಲಿ ಕೇಳಿರುತ್ತೀರಿ. ಅದು ಆ ಮಹನೀಯರ ಸ್ವಂತ ಆಯ್ಕೆ. ಪ್ರವಾದಿ(ಸ) ಚಿಕಿತ್ಸೆ ಪಡೆಯುವಂತೆ ಸ್ಪಷ್ಟವಾಗಿ ಬೋಧಿಸಿದ್ದಾರೆ. ಅಲ್ಲಾಹನು ರೋಗದ ಜೊತೆ ಔಷಧವನ್ನೂ ಇಳಿಸಿದ್ದಾನೆ ಎಂಬುದು ನಮ್ಮ ವಿಶ್ವಾಸದ ಭಾಗ. ವೈದ್ಯನಾಗಿ ನಾನು ಇನ್ನೊಂದು ಮಾತು ಸೇರಿಸುತ್ತೇನೆ: ನೋವಿಗೆ ಹೆದರಿ ಆಳವಾಗಿ ಉಸಿರಾಡದವರಿಗೆ, ಕೆಮ್ಮದವರಿಗೆ ಕಫ ಕಟ್ಟಿ ನ್ಯುಮೋನಿಯಾ ಬರಬಹುದು. ಏಳದೆ ಮಲಗಿದವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ನೋವು ನಿವಾರಣೆ ಸುಖಕ್ಕಾಗಿ ಮಾತ್ರವಲ್ಲ, ಎದ್ದು ಓಡಾಡುವುದಕ್ಕಾಗಿ.

ಹಯಾ ಬಗ್ಗೆ: ಟ್ಯಾಪ್‌ಗೆ ಹೊಟ್ಟೆಯ ಮೇಲ್ಭಾಗ, ಇಎಸ್‌ಪಿಗೆ ಬೆನ್ನು ತೆರೆಯಬೇಕಾಗುತ್ತದೆ. ಹೆಚ್ಚಾಗಿ ಮತ್ತು ಬಂದ ಮೇಲೆಯೇ ಕೊಡುತ್ತಾರೆ. ಬೇಕಾದಷ್ಟು ಭಾಗ ಮಾತ್ರ ತೆರೆದು ಉಳಿದದ್ದನ್ನು ಹೊದೆಸುವಂತೆ, ಒಬ್ಬ ಹೆಣ್ಣು ಸಿಬ್ಬಂದಿ ಜೊತೆಗಿರುವಂತೆ, ಸಾಧ್ಯವಿದ್ದರೆ ಮಹಿಳಾ ವೈದ್ಯರೇ ಕೊಡುವಂತೆ ಹಿಂದಿನ ದಿನವೇ ಕೇಳಿಕೊಳ್ಳಿ. ಆಪರೇಷನ್ ಥಿಯೇಟರ್‌ನ ಬಾಗಿಲಲ್ಲಿ ಕೇಳಿದರೆ ಏರ್ಪಾಡು ಕಷ್ಟ. ಮಹಿಳಾ ವೈದ್ಯರು ಸಿಗಲಿಲ್ಲ ಎಂದು ಅಗತ್ಯ ಚಿಕಿತ್ಸೆಯನ್ನೇ ಬಿಡಬೇಡಿ.

ನಮಾಝ್ ಬಗ್ಗೆ: ಇಮ್ರಾನ್ ಬಿನ್ ಹುಸೈನ್(ರ)ರಿಗೆ ಮೂಲವ್ಯಾಧಿ ಇದ್ದಾಗ ಪ್ರವಾದಿ(ಸ) ನಿಂತು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಲ್ಲಿ ಮಲಗಿ ನಮಾಝ್ ಮಾಡಲು ಹೇಳಿದರು. ಆಪರೇಷನ್ ಆದವರಿಗೂ ಅದೇ ದಾರಿ. ವುಝೂವಿನ ಅಂಗಗಳಲ್ಲಿ ಹೊಟ್ಟೆ ಇಲ್ಲ. ಆದ್ದರಿಂದ ಹೊಟ್ಟೆಯ ಬ್ಯಾಂಡೇಜು ವುಝೂಗೆ ಅಡ್ಡಿಯಲ್ಲ. ಕೈಯಲ್ಲಿ ಡ್ರಿಪ್ ಸೂಜಿ ಇದ್ದರೆ, ಸ್ನಾನ ಕಡ್ಡಾಯವಾದರೆ, ಮತ್ತಿನಲ್ಲಿ ತಪ್ಪಿದ ನಮಾಝ್‌ಗಳ ವಿಷಯಕ್ಕೆ ನಿಮ್ಮ ಮಸೀದಿಯ ಉಸ್ತಾದರನ್ನು ಕೇಳಿ. ತುರ್ತು ಇಲ್ಲದ ಆಪರೇಷನ್ ಆಗಿದ್ದರೆ ರಮಝಾನ್ ಬಿಟ್ಟು ದಿನ ಗೊತ್ತುಮಾಡಲು ಸರ್ಜನ್‌ರನ್ನು ಕೇಳಬಹುದು. ತುರ್ತಾದರೆ ಕಾಯಬಾರದು, ರೋಗಿಗೆ ಉಪವಾಸದ ರಿಯಾಯಿತಿ ಇದೆ.

ಅಡಗಿಸಬೇಡಿ

ನನ್ನಂಥವರ ಬಳಿ ಔಷಧಿ ತೆಗೆದುಕೊಳ್ಳುತ್ತಿರುವುದನ್ನು ಆಸ್ಪತ್ರೆಯಲ್ಲಿ ಹೇಳಿದರೆ ಬೈಯುತ್ತಾರೆ ಎಂದು ಬಹಳ ಜನ ಮುಚ್ಚಿಡುತ್ತಾರೆ. ದಯವಿಟ್ಟು ಹೀಗೆ ಮಾಡಬೇಡಿ. ಬೆಳ್ಳುಳ್ಳಿ, ಅರಿಶಿನ, ಶುಂಠಿ, ಕಲೌಂಜಿ ಹೆಚ್ಚು ಪ್ರಮಾಣದಲ್ಲಿರುವ ತಯಾರಿಗಳು ರಕ್ತ ಹೆಪ್ಪುಗಟ್ಟುವುದರ ಮೇಲೆ ಪರಿಣಾಮ ಬೀರಬಹುದು. ಕೆಲವು ಮದ್ದುಗಳು ಮತ್ತಿನ ಔಷಧಿಯ ಜೊತೆ ಸೇರಿ ತೂಕಡಿಕೆ ಹೆಚ್ಚಿಸಬಹುದು. ಗಿಡಮೂಲಿಕೆಯ ತಯಾರಿಗಳನ್ನು ಆಪರೇಷನ್‌ಗೆ ಎರಡು ವಾರ ಮುಂಚೆ ನಿಲ್ಲಿಸುವುದು ಕ್ಷೇಮ. ಅಡುಗೆಯಲ್ಲಿ ಹಾಕುವಷ್ಟರಿಂದ ತೊಂದರೆಯಿಲ್ಲ. ಬಿಪಿ, ಸಕ್ಕರೆಯ ಮಾತ್ರೆಯನ್ನು ಮಾತ್ರ ಕೇಳದೆ ನಿಲ್ಲಿಸಬೇಡಿ. ಡೆಕ್ಸಾಮೆಥಾಸೋನ್ ಒಂದು ದಿನ ಸಕ್ಕರೆಯನ್ನು ಏರಿಸಬಹುದು, ಮಧುಮೇಹಿಗಳು ನೆನಪಿಸಿ. ಹೊಗೆಸೊಪ್ಪು ಹಾಕಿ ಎಲೆಯಡಿಕೆ ಜಗಿಯುವವರು, ಬೀಡಿ ಸೇದುವವರು ಅದನ್ನೂ ಹೇಳಿ.

ಅರಿವಳಿಕೆ ತಜ್ಞರಿಗೆ ಕೇಳಬೇಕಾದದ್ದು ಇಷ್ಟೇ: ಎಚ್ಚರವಾದ ಮೇಲೆ ನನ್ನ ನೋವಿಗೆ ಏನು ಕೊಡುತ್ತೀರಿ? ಬ್ಲಾಕ್ ಕೊಡುತ್ತೀರಾ, ಕೊಟ್ಟರೆ ಹೊಟ್ಟೆಗೋ ಬೆನ್ನಿಗೋ? ಎಷ್ಟು ಗಂಟೆ ಇರುತ್ತದೆ? ಅದು ಬಿಟ್ಟ ಮೇಲೆ ಯಾವ ಮಾತ್ರೆ?

ಮನೆಗೆ ಬಂದ ಮೇಲೆ

ಒಂದು ಸಲ ಕೊಟ್ಟ ಬ್ಲಾಕ್ ಸಾಮಾನ್ಯವಾಗಿ ಎಂಟು-ಹನ್ನೆರಡು ಗಂಟೆ, ಕೆಲವರಲ್ಲಿ ಇಡೀ ದಿನ ಇರುತ್ತದೆ. ಬೆಳಿಗ್ಗೆ ಆಪರೇಷನ್ ಆದರೆ ಅದು ಬಿಡುವುದು ರಾತ್ರಿ, ದಾದಿಯರೂ ಕಡಿಮೆ ಇರುವ ಹೊತ್ತು. ‘ಈಗ ನೋವಿಲ್ಲವಲ್ಲ’ ಎಂದು ಮಾತ್ರೆ ಬಿಟ್ಟವರು ಆಗ ಒದ್ದಾಡುತ್ತಾರೆ. ನೋವು ಬರುವ ಮುಂಚೆಯೇ, ಹೇಳಿದ ಗಂಟೆಗೆ ಮಾತ್ರೆ ನುಂಗಿ.

ಮರಗಟ್ಟಿದ ಚರ್ಮಕ್ಕೆ ಬಿಸಿ ಗೊತ್ತಾಗುವುದಿಲ್ಲ. ನಮ್ಮ ಮಲೆನಾಡಿನ ಚಳಿಗೆ ಬಿಸಿನೀರಿನ ಚೀಲ ಇಡುವ ಅಭ್ಯಾಸ ಇದೆ. ಪೂರ್ತಿ ಸ್ಪರ್ಶ ಮರಳುವವರೆಗೆ ಹೊಟ್ಟೆಗೆ, ಬೆನ್ನಿಗೆ ಅದನ್ನು ಇಡಬೇಡಿ, ಬೊಬ್ಬೆ ಏಳುತ್ತದೆ. ಗಾಯ ಮಾಯುವವರೆಗೆ ಹೊಟ್ಟೆಯ ಮೇಲೆ ಹಿಜಾಮಾ, ತೈಲ ಮಾಲೀಸು ಬೇಡ. ಕೆಮ್ಮುವಾಗ ಒಂದು ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯಿರಿ. ಮಣಿಪಾಲದಿಂದ ಆಗುಂಬೆ ಘಾಟಿ ಹತ್ತಿ ಬರುವವರು ಹೊರಡುವ ಮುಂಚೆ ಮಾತ್ರೆ ನುಂಗಿ, ತಿರುವುಗಳಲ್ಲಿ ಆ ದಿಂಬು ಕೈಯಲ್ಲಿರಲಿ.

ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಎರಡನೆಯ ದಿನದ ಮೇಲೆ ಏರತೊಡಗಿದರೆ, ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ಹೊಟ್ಟೆ ಉಬ್ಬಿ ಬಿಗಿಯಾದರೆ, ವಾಂತಿ ನಿಲ್ಲದಿದ್ದರೆ, ಉಸಿರು ಕಟ್ಟಿದರೆ ಅಥವಾ ಒಂದು ಕಾಲು ಊದಿದರೆ, ಆಗ ಮಾತ್ರೆ ಹೆಚ್ಚಿಸಿ ಕಾಯಬೇಡಿ. ನೇರ ಆಸ್ಪತ್ರೆಗೆ ಹೋಗಿ. ಪಿತ್ತ ಸೋರುವಿಕೆಯಂಥ ತೊಂದರೆಗಳು ಹೀಗೆಯೇ ತಲೆದೋರುವುದು.

ಖಾಲಾ ಕೊನೆಗೆ ಒಪ್ಪಿದರು. ಮಗನ ಜೊತೆ ಹೋಗಿ ಆಪರೇಷನ್ ಮಾಡಿಸಿಕೊಂಡರು. ಪಕ್ಕೆಲುಬಿನ ಕೆಳಗೆ ಎರಡು ಸೂಜಿ ಕೊಟ್ಟಿದ್ದರಂತೆ, ಅಂದರೆ ಸಬ್‌ಕಾಸ್ಟಲ್ ಟ್ಯಾಪ್. ಹತ್ತು ದಿನ ಬಿಟ್ಟು ಬಂದಾಗ ನೋವು ಹೇಗಿತ್ತು ಎಂದು ಕೇಳಿದೆ. “ಇರಲಿಲ್ಲ ಅಂತ ಸುಳ್ಳು ಹೇಳಲಾರೆ ಸಾಬ್. ರಾತ್ರಿ ಎರಡು ಗಂಟೆಗೆ ಶುರುವಾಯಿತು, ಮಾತ್ರೆ ನುಂಗಿದೆ, ತಡೆಯಿತು. ಭುಜ ಎರಡು ದಿನ ನೋಯಿತು. ಆದರೆ ಅಕ್ಕನ ಹಾಗೆ ಅಲ್ಲ. ಮರುದಿನ ಫಜ್ರ್ ನಮಾಝ್ ಕುರ್ಚಿಯಲ್ಲಿ ಕುಳಿತು ಮಾಡಿದೆ” ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊದಲ ಸಲ ನೋವು ಬಂದಾಗಲೇ ಹೋಗಬೇಕಿತ್ತು” ಎಂದರು.

ನಿಮ್ಮ ಮನೆಯಲ್ಲೂ ವರದಿಯೊಂದನ್ನು ಮಡಚಿ ಅಲಮಾರಿನಲ್ಲಿ ಇಟ್ಟವರು ಇರಬಹುದು. ‘ಯಾಕೆ ಹೋಗಲಿಲ್ಲ’ ಎಂದು ಗದರಿಸುವ ಮುಂಚೆ ‘ಯಾವುದಕ್ಕೆ ಹೆದರುತ್ತಿದ್ದೀರಿ’ ಎಂದು ಒಮ್ಮೆ ಕೇಳಿ ನೋಡಿ. ಉತ್ತರ ‘ನೋವು’ ಎಂದಾದರೆ ಅದಕ್ಕೆ ಇಂದು ದಾರಿ ಇದೆ. ಅಲ್ಲಾಹನು ನಮ್ಮ ರೋಗಿಗಳೆಲ್ಲರಿಗೂ ಶಿಫಾ ಕರುಣಿಸಲಿ. ಆಮೀನ್.